ಅಪ್ಡೇಟ್ ಆದಮ್ಯಾಲೆ ಫೈಲ್ ಕಾಣವಲ್ವಾ? ಮೊದ್ಲು ಸೈನ್ ಔಟ್ ಮಾಡಬ್ಯಾಡ್ರಿ

ಅಕ್ಕಾರ, ನೀವು ಕೇಳಿದ್ದು ಓದಿದೆ. ಗಂಗಾವತಿ ರೈಸ್ ಮಿಲ್ಲಿನ ಲೆಕ್ಕದ ಕಂಪ್ಯೂಟರ್‌ನ್ಯಾಗ ಕ್ಲೌಡ್ ಸಾಫ್ಟ್‌ವೇರ್ (ಗೂಗಲ್ ಡ್ರೈವ್, ಒನ್‌ಡ್ರೈವ್ ಥರದ್ದು) ತಾನಾಗೇ ಅಪ್ಡೇಟ್ ಆತು, ಮರುದಿನ ನೋಡಿದ್ರ ಎರಡು ತಿಂಗಳ ಕಾಟಾ (ತೂಕದ) ಚೀಟಿ, ಭತ್ತ ಖರೀದಿ ಶೀಟ್ ಒಂದೂ ಇಲ್ಲ, ಅನ್‌ಇನ್‌ಸ್ಟಾಲ್ ಮಾಡಿ ಹೊಸದಾಗಿ ಹಾಕ್ಲಾ ಅಂತ ಕೇಳೀರಿ. ಬ್ಯಾಡ್ರಿ. ಕೈ ಮುಗಿದು ಹೇಳ್ತೀನಿ, ಅದೊಂದು ಈಗ ಮಾಡಬ್ಯಾಡ್ರಿ, ಸೈನ್ ಔಟೂ ಬ್ಯಾಡ.

ನಾನು ಅದನ್ನ ಮಾಡೇ ಕಳಕೊಂಡೀನಿ. ಕೊಪ್ಪಳದಾಗ ನಂದು ಡಿಟಿಪಿ ಅಂಗಡಿ. ಗವಿಮಠದ ಜಾತ್ರಿ ಹತ್ರ ಬಂದಿತ್ತು, ಬ್ಯಾನರ್ ಡಿಸೈನ್ ಎಲ್ಲಾ ಕ್ಲೌಡ್ ಫೋಲ್ಡರ್‌ನ್ಯಾಗ ಇದ್ವು, ಅಪ್ಡೇಟ್ ಆತು, ಫೋಲ್ಡರ್ ಖಾಲಿ. ಗಾಬರ್ಯಾಗಿ ಅಕೌಂಟ್ ತೆಗೆದು ಮತ್ತ ಹಾಕಿದೆ, ಹಳೇವು ಬಂದ್ವು, ಕೊನೀ ಆರು ದಿನದ್ದು ಬರಲೇ ಇಲ್ಲ. ಆ ಆರು ದಿನ ನೆಟ್ ಸರಿ ಇರಲಿಲ್ಲ, ಅಪ್‌ಲೋಡೇ ಆಗಿರಲಿಲ್ಲ ಅಂತ ಆಮ್ಯಾಲೆ ತಿಳೀತು. ಡ್ರೈವ್‌ನ್ಯಾಗ ಫೈಲ್ ಕಾಣ್ತಿರ್ತೈತಿ ಖರೆ, ಆದ್ರ ಮ್ಯಾಲೆ ಹೋಗೋತನ ಅದು ನಮ್ಮ ಕಂಪ್ಯೂಟರಿನ ಕ್ಯಾಶ್ ಫೋಲ್ಡರ್‌ನ್ಯಾಗ, ಅಂದ್ರ ಸಾಫ್ಟ್‌ವೇರ್ ತಾತ್ಕಾಲಿಕವಾಗಿ ಫೈಲ್ ಇಡೋ ಜಾಗದಾಗ ಅಷ್ಟೇ ಕುಂತಿರ್ತೈತಿ, ಅಕೌಂಟ್ ತೆಗೆದ್ರ ಅದೂ ಅಳಿಸಿ ಹೋಗಬೌದು. ಆರು ದಿನದ ಕೆಲಸ ಮತ್ತ ರಾತ್ರಿ ಕುಂತು ಮಾಡಿದೆ, ಆ ಸಂಕಟ ನಿಮಗ ಬ್ಯಾಡ.

ಮೊದ್ಲು ಬ್ರೌಸರ್ ತೆಗೆದು ಅದೇ ಅಕೌಂಟ್‌ನ್ಯಾಗ ನೋಡ್ರಿ. ಅಲ್ಲಿ ಇದ್ರ ಫೈಲ್ ಎಲ್ಲೂ ಹೋಗಿಲ್ಲ, ಕಂಪ್ಯೂಟರ್‌ನ್ಯಾಗ ತೋರಸೋದಷ್ಟೇ ಕೆಟ್ಟೈತಿ. ಮಾಲೀಕರ ಅಕೌಂಟ್ ಬ್ಯಾರೆ ನಿಮ್ಮದು ಬ್ಯಾರೆ ಇದ್ರ ಎರಡೂ ನೋಡ್ರಿ, ನಮ್ಮ ಕಡೆ ಬಾಳ ಮಂದಿ ಇಲ್ಲೇ ಎಡವ್ತಾರ. ಟ್ರ್ಯಾಶೂ ನೋಡ್ರಿ, ಗೂಗಲ್ ಡ್ರೈವ್‌ನ್ಯಾಗ ಅಳಿಸಿದ್ದು 30 ದಿನ ಇರ್ತೈತಿ. ಒನ್‌ಡ್ರೈವ್ ಇದ್ದು ಡೆಸ್ಕ್‌ಟಾಪ್ ಖಾಲಿ ಕಾಣ್ತಿದ್ರ, ಒನ್‌ಡ್ರೈವ್ ಫೋಲ್ಡರ್ ಒಳಗ ಇನ್ನೊಂದು ಡೆಸ್ಕ್‌ಟಾಪ್ ಫೋಲ್ಡರ್ ಇರ್ತೈತಿ, ಅದನ್ನ ತೆಗೀರಿ.

ಬ್ರೌಸರ್‌ನ್ಯಾಗೂ ಇಲ್ಲಂದ್ರ ಆವಾಗ ಕ್ಯಾಶ್ ಮ್ಯಾಲೇ ಆಸೆ. 2023ರ ನವೆಂಬರ್‌ನ್ಯಾಗ ಗೂಗಲ್ ಡ್ರೈವ್ ಡೆಸ್ಕ್‌ಟಾಪ್ 84ನೇ ವರ್ಷನ್‌ನ್ಯಾಗ ಕೆಲವರಿಗೆ ಹಿಂಗೇ ಆಗಿತ್ತು, ಕಂಪ್ನಿನೇ ಒಪ್ಪಿಕೊಂಡು, ಡಿಸ್ಕನೆಕ್ಟ್ ಅಕೌಂಟ್ ಒತ್ತಬ್ಯಾಡ್ರಿ, ಆ ಕ್ಯಾಶ್ ಇರೋ ಡ್ರೈವ್‌ಎಫ್‌ಎಸ್ (DriveFS) ಫೋಲ್ಡರ್ ಅಳಿಸಬ್ಯಾಡ್ರಿ, ಸರಿಸಬ್ಯಾಡ್ರಿ ಅಂತ ಹೇಳಿತ್ತು. ಆಮ್ಯಾಲೆ 85.0.13.0 ವರ್ಷನ್ ಬಿಟ್ರು, ಅದ್ರಾಗ ಡ್ರೈವ್ ಐಕಾನ್ ಒತ್ತಿ, ಶಿಫ್ಟ್ ಹಿಡಿದು ಸೆಟ್ಟಿಂಗ್ಸ್ ಒತ್ತಿ, ರಿಕವರ್ ಫ್ರಮ್ ಬ್ಯಾಕಪ್ಸ್ ಅಂತ ಕೊಟ್ರ ಸಿಕ್ಕ ಫೈಲ್ ಡೆಸ್ಕ್‌ಟಾಪ್‌ನ್ಯಾಗ ಹೊಸ ಫೋಲ್ಡರ್ ಆಗಿ ಬರ್ತಿದ್ವು. ನಿಮ್ಮದು ಗೂಗಲ್ ಡ್ರೈವೇ ಆಗಿದ್ರ ಇದನ್ನ ನೋಡಬೌದು, ಡಿಸ್ಕ್‌ನ್ಯಾಗ ಜಾಗ ಮಾತ್ರ ಇರಲಿ. ಅದಕ್ಕೂ ಮೊದ್ಲು ಸಾಫ್ಟ್‌ವೇರ್ ಕ್ವಿಟ್ ಮಾಡಿ, ವಿಂಡೋಸ್ ಯೂಸರ್ ಫೋಲ್ಡರ್ ಒಳಗ ಆಪ್‌ಡೇಟಾ, ಲೋಕಲ್, ಗೂಗಲ್ ಅಂತ ಹೋಗಿ ಡ್ರೈವ್‌ಎಫ್‌ಎಸ್ ಫೋಲ್ಡರ್ ಪೂರ್ತಿ ಬ್ಯಾರೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡ್ರಿ. ಕಾಪಿ ಅಷ್ಟೇ, ಕಟ್ ಅಲ್ಲ. ಆಪ್‌ಡೇಟಾ ಕಾಣಲಿಲ್ಲಂದ್ರ ಹಿಡನ್ ಫೈಲ್ ತೋರಸು ಅಂತ ಆನ್ ಮಾಡ್ರಿ.

ಇನ್ನೊಂದು, ಕಾಟಾ ಇರೋ ಕಂಪ್ಯೂಟರ್‌ನ್ಯಾಗ ಚೀಟಿ ನಂಬರ್ ಪ್ರಕಾರ ತೂಕ ಉಳಿದಿರಬೌದು, ಆ ಆಪರೇಟರ್‌ನ ಇವತ್ತೇ ಕೇಳ್ರಿ. ಬ್ರೌಸರ್‌ನ್ಯಾಗ ಏನು ಕಂಡ್ತು ಹೇಳ್ರಿ ಅಕ್ಕಾರ, ರಾತ್ರಿ ಒಂಬತ್ತರ ತನ ಅಂಗಡ್ಯಾಗೇ ಇರ್ತೀನಿ.