ಪ್ರೋಗ್ರಾಂ ಯಾಕೆ ನಿಧಾನ ಅಂತ ಮಕ್ಕಳಿಗೆ ಕಲಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಉಡುಪಿ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಐದನೇ ಸೆಮಿಸ್ಟರ್‌ನವರಿಗೆ ಪಾಠ ಮಾಡುತ್ತೇನೆ. ಬಿಗ್ ಓ (ಡೇಟಾ ಹೆಚ್ಚಿದಂತೆ ಕೆಲಸ ಎಷ್ಟು ಹೆಚ್ಚುತ್ತದೆ ಎನ್ನುವ ಅಳತೆ) ಕೇಳಿದರೆ ಪಟಪಟ ಹೇಳುತ್ತಾರೆ. ಪ್ರೋಗ್ರಾಂ ಯಾಕೆ ನಿಧಾನ ಆಯ್ತು ಅಂದರೆ ಮಾತ್ರ "ಕಂಪ್ಯೂಟರ್ ಹಳೇದು ಮೇಡಂ" ಅಂತಾರೆ. ಇದಕ್ಕೆ ಸಿಕ್ಕಿರುವುದು ನಾಲ್ಕೇ ಲ್ಯಾಬ್ ಕ್ಲಾಸ್. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ನಾಲ್ಕು ಕ್ಲಾಸಿಗೂ ಒಂದೇ ಪ್ರೋಗ್ರಾಂ ಸಾಕು, ಸಿ ಭಾಷೆಯಲ್ಲಿ ಮ್ಯಾಟ್ರಿಕ್ಸ್ ಗುಣಾಕಾರ. 1024ಕ್ಕೆ 1024, ಡಬಲ್ ಸಂಖ್ಯೆಗಳು. ಪುಸ್ತಕದಲ್ಲಿ ಇರುವ ಹಾಗೆ ಐ, ಜೆ, ಕೆ ಕ್ರಮದ ಮೂರು ಲೂಪ್ ಬರೆಸಿ, ಆಮೇಲೆ ಒಳಗಿನ ಎರಡನ್ನು ಅದಲು ಬದಲು ಮಾಡಿಸಿ. ಗುಣಾಕಾರ ಒಂದೂ ಕಡಿಮೆ ಆಗಿಲ್ಲ, ಬಿಗ್ ಓ ಕೂಡ ಅದೇ. ಆದರೂ ಎರಡನೆಯದು ಎಷ್ಟು ಬೇಗ ಮುಗಿಯುತ್ತದೆ ಅಂದರೆ ಮಕ್ಕಳು ತಪ್ಪಾಗಿದೆ ಅಂತ ಮತ್ತೆ ಓಡಿಸುತ್ತಾರೆ.

ಕಾರಣವನ್ನು ಹೀಗೆ ಹೇಳಿ. ಪ್ರೊಸೆಸರ್ ಮೆಮೊರಿಯಿಂದ ಒಂದೊಂದೇ ಸಂಖ್ಯೆ ತರುವುದಿಲ್ಲ, ಸಾಮಾನ್ಯವಾಗಿ 64 ಬೈಟ್, ಅಂದರೆ 8 ಡಬಲ್, ಒಟ್ಟಿಗೆ ತಂದು ಕ್ಯಾಶ್ ಎಂಬ ತನ್ನ ಹತ್ತಿರದ ಪುಟ್ಟ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಮೊದಲ ಕ್ರಮದಲ್ಲಿ ಎರಡನೇ ಮ್ಯಾಟ್ರಿಕ್ಸನ್ನು ಕಂಬಸಾಲಿನಲ್ಲಿ ಓದುತ್ತೇವೆ, ಪ್ರತಿ ಸಲ 8192 ಬೈಟ್ ಹಾರಿ. ಅಟ್ಟದಿಂದ ಬುಟ್ಟಿ ತುಂಬಾ ತೆಂಗಿನಕಾಯಿ ಇಳಿಸಿ, ಒಂದೇ ಕಾಯಿ ತೆಗೆದು, ಬುಟ್ಟಿ ವಾಪಸ್ ಮೇಲಿಟ್ಟ ಹಾಗೆ! ಎರಡನೇ ಕ್ರಮದಲ್ಲಿ ಅಡ್ಡಸಾಲಿನಲ್ಲೇ ಓದುವುದರಿಂದ ಬುಟ್ಟಿಯ ಎಲ್ಲ ಕಾಯಿಯೂ ಬಳಕೆಯಾಗುತ್ತದೆ.

ಒಂದು ವಿಷಯ ಮಾತ್ರ ಬಿಡಬೇಡಿ: ಓಡಿಸುವ ಮೊದಲು ಪ್ರತಿಯೊಬ್ಬರೂ ತಮ್ಮ ಅಂದಾಜನ್ನು ಲ್ಯಾಬ್ ರೆಕಾರ್ಡಿನಲ್ಲಿ ಪೆನ್ನಿನಲ್ಲಿ ಬರೆಯಲಿ. ಅಂದಾಜು ತಪ್ಪಾದರೆ ಅಂಕ ಕಳೆಯಬೇಡಿ, ಯಾಕೆ ತಪ್ಪಾಯ್ತು ಅಂತ ಹುಡುಕಿದವರಿಗೆ ಜಾಸ್ತಿ ಕೊಡಿ. ನನ್ನ ಹತ್ತಿರ ಇಂಟರ್ನ್‌ಶಿಪ್‌ಗೆ ಬಂದ ಹುಡುಗಿಯೊಬ್ಬಳಿಗೆ ಸಮಯ 0.000 ಸೆಕೆಂಡ್ ಬಂತು. ಖುಷಿಯಲ್ಲಿ ತೋರಿಸಲು ಬಂದಳು. ಉತ್ತರವನ್ನು ಎಲ್ಲೂ ಪ್ರಿಂಟ್ ಮಾಡಿರಲಿಲ್ಲ, ಹಾಗಾಗಿ ಕಂಪೈಲರ್ (ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಂ) ಇಡೀ ಲೂಪನ್ನೇ ತೆಗೆದುಹಾಕಿತ್ತು. ಅದನ್ನು ಅಸೆಂಬ್ಲಿ, ಅಂದರೆ ಕಂಪೈಲರ್ ಕೊಟ್ಟ ಯಂತ್ರದ ಆದೇಶಗಳ ಪಟ್ಟಿ, ನೋಡಿ ಅವಳೇ ಕಂಡುಹಿಡಿದಳು. ನಾನು ಹೇಳಿಕೊಟ್ಟಿದ್ದರೆ ಅಷ್ಟು ನೆನಪಿರುತ್ತಿರಲಿಲ್ಲ ಅಲ್ವಾ?

ಜಿಸಿಸಿ ಕಂಪೈಲರ್‌ನಲ್ಲಿ ವೇಗದ ಆಯ್ಕೆಯನ್ನು ಓ2ಗೆ ಇಡಿ. ಓ3 ಹಾಕಿದರೆ ಕಂಪೈಲರ್ ತಾನೇ ಲೂಪ್ ಕ್ರಮ ಬದಲಿಸಿಬಿಡಬಹುದು. ಐದು ಸಲ ಓಡಿಸಿ ಮಧ್ಯದ ಸಂಖ್ಯೆ ತೆಗೆದುಕೊಳ್ಳಿ. ಲ್ಯಾಪ್‌ಟಾಪ್ ಚಾರ್ಜರಿಗೆ ಹಾಕಿರಲಿ, ನಮ್ಮ ಏಪ್ರಿಲ್ ಸೆಕೆಗೆ ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ಇಳಿಸುವುದೂ ಉಂಟು.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಕ್ಯಾಶ್ ಮಿಸ್ (ಬೇಕಾದ್ದು ಕ್ಯಾಶ್‌ನಲ್ಲಿ ಸಿಗದೇ ಹೋಗುವುದು) ತೋರಿಸಬೇಕು, ಆದರೆ ಲ್ಯಾಬ್‌ನಲ್ಲಿ ಅದನ್ನು ಎಣಿಸುವ ಪರ್ಫ್ ಎಂಬ ಲಿನಕ್ಸ್ ಸಾಧನ ಓಡಿಸಲು ಅನುಮತಿ ಇಲ್ಲ.

ಉತ್ತರ: ವಾಲ್‌ಗ್ರಿಂಡ್ ಎಂಬ ಪರೀಕ್ಷಾ ಸಾಧನದ ಕ್ಯಾಶ್‌ಗ್ರಿಂಡ್ ಬಳಸಿ, ಅಡ್ಮಿನ್ ಅನುಮತಿ ಬೇಡ. ಹೊಸ ಆವೃತ್ತಿಯಲ್ಲಿ ಕ್ಯಾಶ್ ಸಿಮ್ಯುಲೇಶನ್ (ಕ್ಯಾಶ್‌ನ ನಡೆಯನ್ನು ಅನುಕರಿಸಿ ಎಣಿಸುವ) ಆಯ್ಕೆಯನ್ನು ನೀವೇ ಆನ್ ಮಾಡಬೇಕು. ತುಂಬಾ ನಿಧಾನ, ಆದ್ದರಿಂದ ಗಾತ್ರ 256ಕ್ಕೆ ಇಳಿಸಿ. ಮೊದಲ ಕ್ಲಾಸ್ ಆದ ಮೇಲೆ ಮಕ್ಕಳ ಅಂದಾಜು ಹೇಗಿತ್ತು ಅಂತ ಇಲ್ಲೇ ಬರೆಯಿರಿ ಮೇಡಂ, ಕಾಯುತ್ತಿರುತ್ತೇನೆ.