ಯಲಹಂಕ ಪವರ್ ಪ್ಲಾಂಟ್ ವಿಷ್ಯ, ಭಾನುವಾರದ ಮೀಟಿಂಗಿಗೆ ಎಲ್ರೂ ಬನ್ನಿ

3ನೇ ಕ್ರಾಸ್: ಎಲ್ರಿಗೂ ನಮಸ್ಕಾರ. ಇದ್ದಕ್ಕಿದ್ದಂಗೆ ಇಲ್ಲಿ ಪವರ್ ಪ್ಲಾಂಟ್ ಹೆಂಗ್ ಬಂತು ಅಂತ ಸುಮಾರು ಜನ ಕೇಳ್ತಿದೀರ, ಹೊಸದಾಗಿ ಬಂದಿರೋರಿಗೆ ಹಳೇದು ಗೊತ್ತಿರಲ್ಲ ಅದಕ್ಕೇ ಬರೀತಿದೀನಿ. ಆ ಜಾಗದಲ್ಲಿ 1993ರಲ್ಲೇ ಕೆಪಿಸಿಎಲ್‌ನೋರ (ಕರ್ನಾಟಕ ವಿದ್ಯುತ್ ನಿಗಮ) ಡೀಸೆಲ್ ಸ್ಟೇಷನ್ ಶುರುವಾಗಿತ್ತು, ಆರು ಎಂಜಿನ್, ಒಟ್ಟು ಸುಮಾರು 128 ಮೆಗಾವ್ಯಾಟ್. ಆಗೆಲ್ಲ ಕರೆಂಟ್ ಅಂದ್ರೆ ಶರಾವತಿ, ಮಳೆ ಕೈಕೊಟ್ರೆ ಬೆಂಗ್ಳೂರಿಗೆ ಲೋಡ್ ಶೆಡ್ಡಿಂಗ್. ಆಮೇಲೆ ಡೀಸೆಲ್ ದುಬಾರಿಯಾಗಿ ಎಂಜಿನ್‌ಗಳು ನಿಂತೋದ್ವು, ಸುತ್ತ ಅಪಾರ್ಟ್‌ಮೆಂಟ್‌ಗಳು ಎದ್ವು. ಅದೇ ಕಾಂಪೌಂಡಲ್ಲಿ ಈಗ 370 ಮೆಗಾವ್ಯಾಟ್ ಗ್ಯಾಸ್ ಪ್ಲಾಂಟ್, 2024ರಲ್ಲಿ ಉದ್ಘಾಟನೆ ಆಗಿದ್ದು. ಪೈಪ್‌ಲೈನ್ ಗ್ಯಾಸಲ್ಲಿ ಒಂದು ಟರ್ಬೈನ್ ತಿರುಗುತ್ತೆ, ಅದರ ಬಿಸಿ ಹೊಗೇಲೇ ನೀರು ಕಾಯ್ಸಿ ಹಬೇಲಿ ಇನ್ನೊಂದು. ಬೂದಿ ಇಲ್ಲ, ಆದ್ರೆ ನೈಟ್ರೋಜನ್ ಆಕ್ಸೈಡ್ ಅನ್ನೋ ಕೆಟ್ಟ ಅನಿಲ ಬಂದೇ ಬರುತ್ತೆ. ಮುಚ್ಚಿಸಿ ಅಂತ ಬೋರ್ಡ್ ಹಿಡಿಯೋದು ನಂಗೆ ಸರಿ ಕಾಣಲ್ಲ, ಊರಿಗೆ ಕರೆಂಟ್ ಬೇಕೇ ಬೇಕು, ಆದ್ರೆ ಪಕ್ಕದಲ್ಲಿರೋ ನಮ್ಗೆ ಹೊಗೆ ಅಳತೆಯ ಎಲ್ಲಾ ರೀಡಿಂಗ್ ತೋರಿಸ್ಲೇಬೇಕು.

7ನೇ ಕ್ರಾಸ್: ಸರ್, ರಾತ್ರಿ ಗುಂಯ್ ಅಂತ ಸದ್ದು ಕೇಳುತ್ತೆ, ನಮ್ಮತ್ತೆಗೆ ನಿದ್ದೆನೇ ಇಲ್ಲ. ಹೈವೇದೋ ಏನೋ ಗೊತ್ತಾಗ್ತಿಲ್ಲ.

3ನೇ ಕ್ರಾಸ್: ಅಳೆಸೋಣ ಮೇಡಂ. ಮನೆಗಳಿರೋ ಏರಿಯಾಗೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡೆಸಿಬಲ್ ಲಿಮಿಟ್. ಫೋನ್ ಆ್ಯಪ್ ರೀಡಿಂಗ್ ನಡಿಯಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿಯೋರೇ ಮೀಟರ್ ತರ್ಬೇಕು.

ಪಾರ್ಕ್ ಎದುರು: 2020 ಅಕ್ಟೋಬರ್ 2ರ ಬೆಂಕಿ ಮರೀಬೇಡಿ. ಈ ಗ್ಯಾಸ್ ಪ್ಲಾಂಟ್ ಟ್ರಯಲ್ ಟೈಮಲ್ಲಿ ಹತ್ಕೊಂಡು ಕೆಲಸ ಮಾಡ್ತಿದ್ದೋರಿಗೆ ಸುಟ್ಟಗಾಯ ಆಯ್ತು. ಅಂಥದ್ದು ಮತ್ತೆ ಆದ್ರೆ ಸೈರನ್ ಹೊಡೀತಾರಾ, ವಯಸ್ಸಾದೋರನ್ನ ಕರ್ಕೊಂಡು ಎಲ್ಲಿಗೆ ಹೋಗ್ಬೇಕು? ಇದು ಫಸ್ಟ್ ಕೇಳಿ.

ಕೆರೆ ಗುಂಪು: ನೀರಿಂದೂ ಸೇರಿಸಿ ಅಣ್ಣ. ಪ್ಲಾಂಟ್‌ಗೆ ಜಕ್ಕೂರು ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಸಂಸ್ಕರಿಸಿದ ನೀರು ಅಂತ ಪ್ಲಾನ್ ಆಗಿದ್ದು. ಕಾವೇರಿ ನೀರು ಸುರಿಯೋದಕ್ಕಿಂತ ಇದು ಒಳ್ಳೇದೇ, ಆದ್ರೆ ಜಕ್ಕೂರು ಕೆರೆಗೆ ಜೀವ ಇರೋದೂ ಆ ನೀರಲ್ಲೇ. ದಿನಕ್ಕೆ ಎಷ್ಟು ಪ್ಲಾಂಟ್‌ಗೆ, ಎಷ್ಟು ಕೆರೆಗೆ ಅಂತ ಬರವಣಿಗೇಲಿ ಬೇಕು.

3ನೇ ಕ್ರಾಸ್: ಸರಿ. ಹೊಗೆ, ಸದ್ದು, ಬೆಂಕಿ, ನೀರು, ನಾಲ್ಕೂ ಬೇರೆ ಬೇರೆ ಆರ್‌ಟಿಐ ಹಾಕ್ಬೇಕು, ನಮ್ಮ ರಾಜ್ಯದ ರೂಲ್ಸಲ್ಲಿ ಒಂದು ಅರ್ಜಿಗೆ ಒಂದೇ ವಿಷ್ಯ, 150 ಪದದ ಒಳಗೆ. ಫೀಸು 10 ರೂಪಾಯಿ, ಉತ್ತರಕ್ಕೆ 30 ದಿನ. ಪರಿಸರ ಅನುಮತಿ ಷರತ್ತುಗಳ ಬಗ್ಗೆ ಪ್ಲಾಂಟ್‌ನೋರು ಆರು ತಿಂಗಳಿಗೊಂದು ವರದಿ ಕೊಡ್ಲೇಬೇಕು, ಅದರ ಕಾಪಿನೂ ಕೇಳೋಣ. ನೀರಿಂದು ಕೆರೆ ಗುಂಪಿನೋರು ಬರೀರಿ, ಹೊಗೆದು ನಾನು. ಭಾನುವಾರ 10 ಗಂಟೆ, ಪಾರ್ಕ್. ಫೀಸಿಗೆ ಪೋಸ್ಟಲ್ ಆರ್ಡರ್ ಯಾರು ತರ್ತೀರ?

7ನೇ ಕ್ರಾಸ್: ನಾನು ತರ್ತೀನಿ ಸರ್. ಸದ್ದಿಂದು ಅರ್ಜಿನೂ ನಾನೇ ಬರೀತೀನಿ.