ಲೆದರ್ ಜಾಕೆಟ್‌ಗೆ ಬೂಸ್ಟು ಹಿಡಿದಿದೆ: ಹಳೇ ಹೀರೋಗಳ ಸ್ಟೈಲ್ ಮಂಗಳೂರಿಗೆ ಆಗುವುದಾ?

ಕದ್ರಿ ಹುಡುಗ:
ದಯವಿಟ್ಟು ನಗಬೇಡಿ. ಕಳೆದ ಡಿಸೆಂಬರ್‌ನಲ್ಲಿ ಒಂದು ಕಪ್ಪು ಲೆದರ್ ಜಾಕೆಟ್ ತೆಗೆದುಕೊಂಡೆ. 1953ರ 'ದ ವೈಲ್ಡ್ ಒನ್' ಪಿಕ್ಚರ್‌ನಲ್ಲಿ ಹಾಲಿವುಡ್ ಹೀರೋ ಮರ್ಲನ್ ಬ್ರಾಂಡೊ ಬೈಕ್ ಮೇಲೆ ಹಾಕಿದ್ದಂಥದ್ದು. ಓರೆ ಜಿಪ್, ಅಗಲ ಕಾಲರ್. ಹಾಕಿದ್ದು ಎರಡೇ ಸಲ. ಒಮ್ಮೆ ಪಣಂಬೂರು ಬೀಚಿಗೆ ಹೋಗಿ ಬೆವರಿನಲ್ಲಿ ಮಿಂದು ಬಂದೆ. ಇನ್ನೊಮ್ಮೆ ಮಡಿಕೇರಿಗೆ. ಆಮೇಲೆ ಪ್ಲಾಸ್ಟಿಕ್ ಕವರ್ ಸಮೇತ ಕಪಾಟಿಗೆ ಹಾಕಿಟ್ಟೆ. ಮೊನ್ನೆ ತೆಗೆದು ನೋಡಿದರೆ ಹೆಗಲಿನಿಂದ ತೋಳಿನ ತುದಿವರೆಗೆ ಬಿಳಿ ಬೂಸ್ಟು! ಅಮ್ಮ ಮೂಗು ಮುಚ್ಚಿಕೊಂಡು "ಇದಕ್ಕಿಂತ ಒಣಮೀನು ವಾಸಿ" ಅಂದರು.

ಜಾಕೆಟ್ ಉಳಿಸಬಹುದಾ? ಇನ್ನೊಂದು ಪ್ರಶ್ನೆಯೂ ಉಂಟು. ಬ್ರಾಂಡೊ, ಸ್ಟೀವ್ ಮೆಕ್ವೀನ್, ಶಾನ್ ಕಾನರಿ ಇವರ ಗತ್ತು ಎಪ್ಪತ್ತು ವರ್ಷ ಆದರೂ ಹಳತಾಗಿಲ್ಲ. ಅದು ನಮ್ಮ ಸೆಕೆಗೆ, ಮಳೆಗೆ ಹೊಂದುತ್ತದಾ? ಅಥವಾ ನಮಗೆ ಬರ್ಮುಡಾವೇ ಗತಿಯಾ?

ಸುರತ್ಕಲ್ ಸವಾರ:
ಉಳಿಯುತ್ತದೆ, ಹೆದರಬೇಡಿ. ಮೊದಲು ಮನೆಯ ಹೊರಗೆ ತೆಗೆದುಕೊಂಡು ಹೋಗಿ ಒಣ ಬಟ್ಟೆಯಲ್ಲಿ ಒರೆಸಿ. ಒಳಗೆ ಒರೆಸಿದರೆ ಬೂಸ್ಟು ಉಳಿದ ಬಟ್ಟೆಗೂ ಹಬ್ಬುತ್ತದೆ. ಆಮೇಲೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ, ಬಟ್ಟೆ ಅದ್ದಿ ಹಿಂಡಿ ಒರೆಸಿ. ಕಾಣದ ಮೂಲೆಯಲ್ಲಿ ಮೊದಲು ಸ್ವಲ್ಪ ಹಚ್ಚಿ ನೋಡಿ. ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಚರ್ಮ ಹಪ್ಪಳ ಆಗುತ್ತದೆ. ಕೊನೆಗೆ ಲೆದರ್ ಕಂಡಿಷನರ್. ಪ್ಲಾಸ್ಟಿಕ್ ಕವರ್ ಮಾತ್ರ ಇವತ್ತೇ ಬಿಸಾಡಿ, ತಪ್ಪೆಲ್ಲ ಅದರದ್ದೇ.

ಟೈಲರ್ ಮಾಮ, ಉಡುಪಿ:
ತಮ್ಮಾ, ರಥಬೀದಿ ಹತ್ತಿರ ನನ್ನ ಮಿಷನ್ 1974ರಿಂದ ಓಡುತ್ತಾ ಇದೆ. ಮೇ ತಿಂಗಳಲ್ಲಿ ಬೊಂಬಾಯಿಯ ಹೋಟೆಲ್‌ಗಳಿಂದ ಊರಿಗೆ ಬರುವ ಹುಡುಗರು ಪೇಪರ್‌ನಿಂದ ಕತ್ತರಿಸಿದ ಹೀರೋ ಫೋಟೊ ಹಿಡಿದುಕೊಂಡೇ ಅಂಗಡಿ ಹತ್ತುತ್ತಿದ್ದರು. ಒಬ್ಬನಿಗೆ 26 ಇಂಚಿನ ಬೆಲ್‌ಬಾಟಮ್ ಬೇಕಿತ್ತು. ಬೇಡ ಮಾರಾಯ ಅಂದೆ. ಕೇಳಲಿಲ್ಲ. ಎರಡೇ ದಿನಕ್ಕೆ ಸೈಕಲ್ ಚೈನಿಗೆ ಸಿಕ್ಕಿಸಿಕೊಂಡು ಬಂದ. ಬಲಗಾಲಿನಲ್ಲಿ ಗ್ರೀಸ್ ಸಮೇತ ಗೇಣುದ್ದ ಹರಿದಿತ್ತು. ಎರಡೂ ಕಾಲು ಕತ್ತರಿಸಿ 18 ಇಂಚು ಮಾಡಿಕೊಟ್ಟೆ. ನಂಬುತ್ತೀಯೋ ಇಲ್ಲವೋ, ಆ ಪ್ಯಾಂಟನ್ನು ಅವನು ಎಂಟು ವರ್ಷ ಹಾಕಿದ.

ನೀವೆಲ್ಲ ಬ್ರಾಂಡೊ ಅಂದರೆ ಜಾಕೆಟ್ ನೋಡುತ್ತೀರಿ. ನಾನು ಅದಕ್ಕೂ ಎರಡು ವರ್ಷ ಹಿಂದಿನ ಪಿಕ್ಚರ್‌ನಲ್ಲಿ ಅವನು ಹಾಕಿದ್ದ ಟೀ ಶರ್ಟ್ ನೋಡುತ್ತೇನೆ. ಮೈಗೆ ಹತ್ತಿಕೊಳ್ಳುವ ಟೀ ಶರ್ಟ್ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅದಕ್ಕೇ ಹಲವು ಸಲ ಒಗೆದು ಕುಗ್ಗಿಸಿ, ಬೆನ್ನ ಹಿಂದೆ ಹಿಡಿದು ಹೊಲಿದರು. ಜನ ಅವನ ಭುಜ ನೋಡಿ ಬೆರಗಾದರು. ಅರ್ಧ ಕೆಲಸ ಸೂಜಿಯದ್ದು! ಕಾನರಿ ಕಥೆಯೂ ಅದೇ. ಎಡಿನ್‌ಬರೊದಲ್ಲಿ ಮನೆ ಮನೆಗೆ ಹಾಲು ಹಾಕುತ್ತಿದ್ದ ಹುಡುಗ. 1962ರಲ್ಲಿ ಬಾಂಡ್ ಆಗುವ ಮೊದಲು ಡೈರೆಕ್ಟರ್ ಟೆರೆನ್ಸ್ ಯಂಗ್ ಅವನನ್ನು ತನ್ನ ಸ್ವಂತ ಟೈಲರ್ ಆಂಟನಿ ಸಿಂಕ್ಲೇರ್ ಹತ್ತಿರ ಕರೆದುಕೊಂಡು ಹೋದ. ಆ ಸೂಟ್ ಹಾಕಿಕೊಂಡೇ ಮಲಗು ಅಂದನಂತೆ. ಮೈಗೂ ಬಟ್ಟೆಗೂ ಸಲಿಗೆ ಆಗಬೇಕಲ್ವಾ? ನೀನು ಎರಡು ಸಲ ಹಾಕಿ ಕಪಾಟಿಗೆ ಹಾಕಿದ್ದೀಯ.

ನಮ್ಮವರೇನು ಕಡಿಮೆ? 1980ರಲ್ಲಿ 'ಆಟೋ ರಾಜ' ಬಂದ ಮೇಲೆ ಸ್ಟ್ಯಾಂಡ್‌ನ ಹುಡುಗರು ಖಾಕಿ ಶರ್ಟನ್ನು "ಶಂಕರ್‌ನಾಗ್ ಥರ ಟೈಟ್ ಮಾಡಿ" ಅಂತ ತರುತ್ತಿದ್ದರು. ಯೂನಿಫಾರ್ಮ್ ಅದೇ, ಬಣ್ಣ ಅದೇ. ಸೊಂಟದ ಹತ್ತಿರ ಒಂದೂವರೆ ಇಂಚು ಒಳಗೆ ತೆಗೆದರೆ ಅವರ ನಡಿಗೆಯೇ ಬದಲಾಗುತ್ತಿತ್ತು.

ನಿನ್ನ ಜಾಕೆಟ್ ನ್ಯೂಯಾರ್ಕ್ ಕಡೆಯ ಚಳಿಗೆ ಹುಟ್ಟಿದ್ದು. 1928ರಲ್ಲಿ ಶಾಟ್ ಕಂಪನಿ ಬೈಕಿನವರಿಗಾಗಿಯೇ ಮಾಡಿತು. ವರ್ಷಕ್ಕೆ 3500 ಮಿ.ಮೀ. ಮಳೆ ಹೊಡೆಯುವ ಊರಲ್ಲಿ ಅದು ಎಂತ ಮಾಡೀತು, ಪಾಪ. ಬೇರೆ ಒಂದು ಉಂಟು. 1937ರಲ್ಲಿ ಶುರುವಾದ ಬರಾಕುಟಾ ಕಂಪನಿಯ ಜಿ9 ಅನ್ನುವ ಜಾಕೆಟ್. ಹುಟ್ಟಿದ್ದು ಮ್ಯಾಂಚೆಸ್ಟರ್‌ನಲ್ಲಿ, ಅದೂ ನಮ್ಮ ಹಾಗೆ ಮಳೆಯ ಊರೇ. ಹಗುರ ಬಟ್ಟೆ, ಮುಂದೆ ನೇರ ಜಿಪ್, ಎರಡು ಗುಂಡಿಯ ನಿಲ್ಲುವ ಕಾಲರ್. ಬೆನ್ನ ಮೇಲೆ ಕೊಡೆಯ ಅಂಚಿನ ಹಾಗೆ ಒಂದು ಪದರ, ನೀರು ಅಲ್ಲಿಂದಲೇ ಜಾರಿ ಬೀಳಲಿ ಅಂತ. ಮೆಕ್ವೀನ್ ಇದನ್ನೇ ಹಾಕುತ್ತಿದ್ದ. ಅವರು ಒಳಗೆ ಪೂರ್ತಿ ಚೌಕಳಿ ಅಸ್ತರ್ ಕೊಡುತ್ತಾರೆ. ನಮಗೆ ಬೆನ್ನಿಗೆ ಅರ್ಧ ಸಾಕು, ಇಲ್ಲದಿದ್ದರೆ ಬೆಂದು ಹೋಗುತ್ತೀಯ. ಎರಡೂವರೆ ಮೀಟರ್ ಬಟ್ಟೆ ತಾ, ಮಣ್ಣಿನ ಬಣ್ಣದ್ದು. ನಾನು ಹೊಲಿದು ಕೊಡುತ್ತೇನೆ.

ಕುಂದಾಪ್ರದವ:
ಟೈಲರ್ ಮಾಮನಿಗೆ ಒಂದು ಸಲಾಂ. ಶರ್ಟಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಪುಣೆಯ ಪ್ರಭಾತ್ ಸ್ಟುಡಿಯೊದಲ್ಲಿ ಧೋಬಿ ಬಟ್ಟೆ ಅದಲುಬದಲು ಮಾಡಿದ. ದೇವ್ ಆನಂದ್ ನೋಡಿದರೆ ತನ್ನ ಶರ್ಟ್ ಇನ್ನೊಬ್ಬನ ಮೈಮೇಲೆ! ಆ ಇನ್ನೊಬ್ಬ ಗುರುದತ್ ಪಡುಕೋಣೆ, ಹೆಸರಿನಲ್ಲೇ ನಮ್ಮ ಪಡುಕೋಣೆ ಊರು ಉಂಟು. ಅಲ್ಲಿಂದಲೇ ದೋಸ್ತಿ. 1951ರಲ್ಲಿ ದೇವ್ ಆನಂದ್ ಅವನಿಗೆ ಮೊದಲ ಡೈರೆಕ್ಷನ್ ಚಾನ್ಸ್ ಕೊಟ್ಟ. ಕದ್ರಿ ಹುಡುಗ, ನಿನ್ನ ಜಾಕೆಟ್ ಯಾರಾದರೂ ತಪ್ಪಿ ತೆಗೆದುಕೊಂಡು ಹೋದರೆ ಜಗಳಕ್ಕೆ ನಿಲ್ಲಬೇಡ. ಆ ಬೂಸ್ಟು ನೋಡಿ ಯಾರೂ ತೆಗೆದುಕೊಳ್ಳುವುದಿಲ್ಲ, ಅದು ಬೇರೆ ಮಾತು.

ಕದ್ರಿ ಹುಡುಗ:
ವಿನೆಗರ್ ಕೆಲಸ ಮಾಡಿತು. ಈಗ ಜಾಕೆಟ್ ಫ್ಯಾನ್ ಕೆಳಗೆ ನೇತಾಡುತ್ತಾ ಇದೆ, ಮನೆಯೆಲ್ಲ ಉಪ್ಪಿನಕಾಯಿ ವಾಸನೆ. ಮಾಮ, ಅಜ್ಜನ ಟ್ರಂಕಿನಲ್ಲಿ ಒಂದು ಖಾಕಿ ಪ್ಯಾಂಟ್ ಪೀಸ್ ಸಿಕ್ಕಿದೆ, ಮಡಿಕೆಯಲ್ಲಿ ಸ್ವಲ್ಪ ಬಣ್ಣ ಹೋಗಿದೆ. ಜಾಕೆಟ್‌ಗೆ ಸಾಕಾಗುತ್ತದಾ? ಭಾನುವಾರ ಬರಲಾ?

ಟೈಲರ್ ಮಾಮ, ಉಡುಪಿ:
ಪ್ಯಾಂಟ್ ಪೀಸ್ ಸಾಕಾಗುವುದಿಲ್ಲ. ಆದರೂ ತಾ, ಬೆನ್ನಿನ ಪದರಕ್ಕೆ ಅದನ್ನೇ ಹಾಕೋಣ. ಬಣ್ಣ ಹೋದದ್ದು ಇರಲಿ. ಭಾನುವಾರ ಅಂಗಡಿ ಇಲ್ಲ, ಸೋಮವಾರ ಹತ್ತು ಗಂಟೆ ಮೇಲೆ ಬಾ. ಆ ಲೆದರ್ ಹಾಕಿಕೊಂಡು ಬಸ್ಸು ಹತ್ತಬೇಡ.